ಹನ್ನೆರಡು ಗೊಂಬೆ, ಒಂದು ಗುಲಾಬಿ ಚೀಟಿ ಮತ್ತು ಎರಡು ಸಲದ ಮನೆ ಸಾಗಣೆ

ಕಳೆದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳ ಗಂಡನಿಗೆ ಮೈಸೂರಿನಿಂದ ಅಹಮದಾಬಾದಿಗೆ ವರ್ಗ ಆಗಿದೆ. "ಅಕ್ಕಾ, ನೀನು ಎರಡು ಸಲ ಇಡೀ ಮನೆ ಸಾಗಿಸಿದೀಯ. ಒಳ್ಳೆ ಪ್ಯಾಕರ್ಸ್‌ನವರ ನಂಬರ್ ಕಳಿಸು ಸಾಕು" ಅಂದಳು.

ನಾನು ನಂಬರ್ ಕಳಿಸಲಿಲ್ಲ. ನನಗೆ ಒಳ್ಳೆಯ ಅನುಭವ ಕೊಟ್ಟವರು ಪುಣೆಯಲ್ಲಿದ್ದಾರೆ. ಅದೇ ಬೋರ್ಡ್ ಮೈಸೂರಿನಲ್ಲೂ ಇರಬಹುದು, ಆದರೆ ಈ ವ್ಯವಹಾರದಲ್ಲಿ ಒಂದೇ ಹೆಸರಿನ ಕೆಳಗೆ ಊರಿಗೊಬ್ಬ ಮಾಲೀಕ ಇರುವುದು ಸಾಮಾನ್ಯ. ಹೆಸರು ಒಂದು, ಗಾಡಿ ಬೇರೆ, ಕೆಲಸದವರು ಬೇರೆ. ಹೆಸರು ಹೇಳಿ ಅವಳನ್ನು ಕಳಿಸಿಬಿಟ್ಟರೆ ನನ್ನ ಜವಾಬ್ದಾರಿ ಮುಗಿಯಲ್ಲ. ಹಾಗಾಗಿ ಯಾರನ್ನು ಹೇಗೆ ಪರೀಕ್ಷೆ ಮಾಡಬೇಕು ಅಂತ ಒಂದೂವರೆ ಗಂಟೆ ಹೇಳಿದೆ. ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು 2018ರ ಕಥೆ.

ನಾನು ಬ್ಯಾಂಕಿನಲ್ಲಿ ಅಧಿಕಾರಿ. ಆ ವರ್ಷ ಜೂನ್‌ನಲ್ಲಿ ಮೈಸೂರಿನಿಂದ ಪುಣೆಗೆ ವರ್ಗದ ಆದೇಶ ಬಂತು. ಹತ್ತು ದಿನದಲ್ಲಿ ಹೋಗಿ ಸೇರಬೇಕು. ಮಗಳಿಗೆ ಶಾಲೆ ಹುಡುಕಬೇಕು, ಅಲ್ಲಿ ಬಾಡಿಗೆ ಮನೆ ಹುಡುಕಬೇಕು, ಅಮ್ಮನನ್ನು ಒಪ್ಪಿಸಿ ಜೊತೆಗೆ ಕರೆದುಕೊಂಡು ಹೋಗಬೇಕು. ಈ ಗಡಿಬಿಡಿಯಲ್ಲಿ ಸಾಮಾನು ಸಾಗಿಸುವುದು ಕೊನೆಯ ಚಿಂತೆ ಆಯಿತು. ಯಾವುದೋ ವೆಬ್‌ಸೈಟಿನಲ್ಲಿ ಹೆಸರು, ಫೋನ್ ನಂಬರ್ ಹಾಕಿದೆ. ಕಾಲು ಗಂಟೆಯೊಳಗೆ ಹನ್ನೊಂದು ಫೋನ್. ಎಲ್ಲರದ್ದೂ ಒಂದೇ ಪ್ರಶ್ನೆ: "ಎರಡು ಬೆಡ್‌ರೂಮಾ ಮೇಡಂ? ಲಿಸ್ಟ್ ವಾಟ್ಸಾಪ್ ಮಾಡಿಬಿಡಿ, ಈಗಲೇ ರೇಟ್ ಹೇಳ್ತೀನಿ." ಮೂವತ್ತನಾಲ್ಕು ಸಾವಿರ, ಮೂವತ್ತಾರು ಸಾವಿರ ಅಂತ ಹೇಳುತ್ತಾ ಬಂದರು. ಒಬ್ಬ ಮಾತ್ರ ಇಪ್ಪತ್ತೆರಡು ಸಾವಿರ ಅಂದ. ಅವನಿಗೇ ಹೂಂ ಅಂದೆ. ಅಡ್ವಾನ್ಸ್ ಹಣವನ್ನು ಅವನು ಹೇಳಿದ ಖಾತೆಗೆ ಹಾಕಿದೆ. ಅದು ಕಂಪನಿಯ ಖಾತೆ ಆಗಿರಲಿಲ್ಲ, ಯಾರದೋ ಸ್ವಂತ ಉಳಿತಾಯ ಖಾತೆ. ದಿನವಿಡೀ ಗ್ರಾಹಕರಿಗೆ "ಯಾರ ಖಾತೆ ಅಂತ ನೋಡಿ ಹಣ ಹಾಕಿ" ಅಂತ ಹೇಳುವ ನಾನೇ ನೋಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಬಂದವರು ಮೂವರು ಹುಡುಗರು, ಒಂದು ಚಿಕ್ಕ ಗಾಡಿ. "ಇದು ಬೆಂಗಳೂರಿನ ಗೋದಾಮಿನವರೆಗೆ ಅಷ್ಟೇ, ಅಲ್ಲಿಂದ ದೊಡ್ಡ ಲಾರಿ" ಅಂದರು. ಆಗಲೇ ನಿಲ್ಲಿಸಬೇಕಿತ್ತು. ಮನೆ ಅರ್ಧ ಖಾಲಿಯಾಗಿತ್ತು, ಮಾರನೇ ದಿನಕ್ಕೆ ರೈಲಿನ ಟಿಕೆಟ್ ಇತ್ತು. ಸುಮ್ಮನಾದೆ.

ಹೋಗುವಾಗ ಸಾಮಾನು ಒಪ್ಪಿಸಿಕೊಂಡಿದ್ದಕ್ಕೆ ರಸೀದಿ ಅಂತ ಒಂದು ಗುಲಾಬಿ ಬಣ್ಣದ ಕಾರ್ಬನ್ ಪ್ರತಿ ಕೊಟ್ಟರು. ಇದಕ್ಕೆ ಸಾಗಣೆಯವರು ಎಲ್‌ಆರ್ ಅಂತಾರೆ, ಉತ್ತರದ ಕಡೆ ಬಿಲ್ಟಿ. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಸಾಮಾನಿನ ವಿವರ ಬರೆಯುವ ಜಾಗ ಅಂಗೈಯಷ್ಟು ಅಗಲ ಇದೆ. ಅದರಲ್ಲಿ ಒಂದೇ ಸಾಲು: "ಹೌಸ್‌ಹೋಲ್ಡ್ ಗೂಡ್ಸ್, 1 ಲಾಟ್." ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಸೀಲ್, ಸಾಮಾನು ಮಾಲೀಕರ ಹೊಣೆಯಲ್ಲಿ ಹೋಗುತ್ತಿದೆ ಅಂತ. ನಮ್ಮ ಇಪ್ಪತ್ತು ವರ್ಷದ ಸಂಸಾರ, ಅಮ್ಮನ ತಾಮ್ರದ ಹಂಡೆ, ಅಪ್ಪನ ಬರೆಯುವ ಮೇಜು, ಮಗಳ ಸೈಕಲ್ಲು, ಎಲ್ಲ ಸೇರಿ ಒಂದು ಲಾಟ್.

ಒಂಬತ್ತು ದಿನ ಆಯಿತು. ಮೊದಲ ಎರಡು ದಿನ ಫೋನ್ ಎತ್ತಿದರು, ಆಮೇಲೆ ಇಲ್ಲ. ಜೂನ್ ಕೊನೆಯಲ್ಲಿ ಕೊಲ್ಹಾಪುರ, ಸಾತಾರಾ ಕಡೆ ಎಂಥ ಮಳೆ ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಮೇಲೆ ಟಾರ್ಪಾಲು ಕಟ್ಟಿದ ತೆರೆದ ಲಾರಿ. ಒಂಬತ್ತನೇ ದಿನ ರಾತ್ರಿ ಎಂಟಕ್ಕೆ ಗಾಡಿ ಅಪಾರ್ಟ್‌ಮೆಂಟಿನ ಗೇಟಿಗೆ ಬಂತು. ಬಾಗಿಲು ತೆಗೆಯುವ ಮೊದಲೇ ಡ್ರೈವರ್ ಫೋನ್ ನನ್ನ ಕೈಗೆ ಕೊಟ್ಟ. ಆ ಕಡೆಯವನು ಹೇಳಿದ: ಮೂರನೇ ಮಹಡಿ ಅಂತ ಮೊದಲು ಹೇಳಿಲ್ಲ, ಜಿಎಸ್‌ಟಿ ಬೇರೆ, ಎಲ್ಲ ಸೇರಿ ಇನ್ನೂ ಒಂಬತ್ತು ಸಾವಿರ ಹಾಕಿ, ಇಲ್ಲದಿದ್ದರೆ ಗಾಡಿ ವಾಪಸ್ ಗೋದಾಮಿಗೆ. ಅಮ್ಮ ಒಂಬತ್ತು ದಿನದಿಂದ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಕೊಟ್ಟೆ.

ಹಾಸಿಗೆ ನೆನೆದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅದನ್ನಾದರೂ ಬಿಸಿಲಿಗೆ ಹಾಕಬಹುದಿತ್ತು. ದೊಡ್ಡ ನಷ್ಟ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ, ನವರಾತ್ರಿಗೆ ಅಮ್ಮ ಗೊಂಬೆ ತೆಗೆಯಲು ಕೂತಾಗ.

ಗೊಂಬೆಗಳನ್ನು ಎರಡು ಪೆಟ್ಟಿಗೆಯಲ್ಲಿ ಹಾಕಿದ್ದೆವು. ಒಂದೇ ಬಂದಿತ್ತು. ಅದರಲ್ಲಿ ಪಟ್ಟದ ಗೊಂಬೆ ಇತ್ತು, ಪುಣ್ಯ. ಬಾರದ ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೆರಡು ಗೊಂಬೆ. ಅದರಲ್ಲಿ ಶೆಟ್ಟಮ್ಮನೂ ಒಬ್ಬಳು. ಮೈಸೂರಿನ ಕಡೆ ಗೊಂಬೆ ಕೂರಿಸುವವರಿಗೆ ಗೊತ್ತು, ಶೆಟ್ಟಿ ಮತ್ತು ಶೆಟ್ಟಮ್ಮ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಅಮ್ಮನ ತವರಿನಿಂದ ಬಂದ ಮಣ್ಣಿನ ಗೊಂಬೆಗಳು ಅವು. ಶೆಟ್ಟಿ ಈ ಪೆಟ್ಟಿಗೆಯಲ್ಲಿ, ಶೆಟ್ಟಮ್ಮ ಆ ಪೆಟ್ಟಿಗೆಯಲ್ಲಿ. ಅಮ್ಮ ಏನೂ ಅನ್ನಲಿಲ್ಲ. ಆ ವರ್ಷ ಏಳು ಮೆಟ್ಟಿಲಿನ ಬದಲು ಐದೇ ಮೆಟ್ಟಿಲು ಹಾಕಿದರು.

ನಾನು ಆ ಕಂಪನಿಯವನಿಗೆ ವಾಟ್ಸಾಪ್ ಕಳಿಸಿದೆ, ಹತ್ತಾರು ಸಲ. "ಎಷ್ಟು ಬಾಕ್ಸ್ ಕೊಟ್ಟಿದ್ದಿರಿ ಅಂತ ತೋರಿಸಿ" ಅಂದ. ನನ್ನ ಹತ್ತಿರ ತೋರಿಸಲು ಏನಿತ್ತು? ಒಂದು ಲಾಟ್. ವಿಮೆ ಅಂತ ಮೂರು ಸಾವಿರ ಕೊಟ್ಟಿದ್ದೆ. ಅದರ ರಸೀದಿಯಲ್ಲಿ "ಎಫ್‌ಒವಿ" ಅಂತ ಮೂರು ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ಪಾಲಿಸಿ ನಂಬರ್ ಇಲ್ಲ, ವಿಮಾ ಕಂಪನಿಯ ಹೆಸರೂ ಇಲ್ಲ. ಎಫ್‌ಒವಿ ಅಂದರೆ ಸಾಮಾನಿನ ಬೆಲೆಯ ಮೇಲೆ ಸಾಗಣೆಯವನು ತಾನೇ ಹಾಕುವ ಒಂದು ಶುಲ್ಕ, ವಿಮೆ ಅಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ.

ಇನ್ನೊಂದು ವಿಷಯವೂ ಗೊತ್ತಿರಲಿಲ್ಲ. ನಮ್ಮಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ ಅಂತ ಒಂದಿದೆ. ಸಾಮಾನು ಕಳೆದರೆ ಅಥವಾ ಹಾಳಾದರೆ ಸಾಗಣೆದಾರನ ಮೇಲೆ ಕೇಸು ಹಾಕುವ ಮೊದಲು ಅವನಿಗೆ ಬರಹದಲ್ಲಿ ನೋಟಿಸ್ ಕೊಡಬೇಕು, ಅದೂ ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ನಾನು ಬುಕ್ ಮಾಡಿದ್ದು ಜೂನ್‌ನಲ್ಲಿ. ಅಕ್ಟೋಬರ್‌ನಲ್ಲಿ ಇನ್ನೂ ಸಮಯ ಇತ್ತು. ಒಂದು ನೋಟಿಸ್ ಬರೆದು ರಿಜಿಸ್ಟರ್ಡ್ ಅಂಚೆಗೆ ಹಾಕುವುದು ನನಗೆ ಕಷ್ಟದ ಕೆಲಸ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಮುಂದಿನ ಯುಗಾದಿ ಬಂದಿತ್ತು.

ಇನ್ನು 2024. ಮತ್ತೆ ಮೈಸೂರಿಗೆ ವರ್ಗ. ಈ ಸಲ ಆದೇಶ ಬಂದ ದಿನವೇ ಸಾಮಾನಿನ ವಿಷಯಕ್ಕೆ ಕೂತೆ. ಮಳೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ ಹೊರಡಬೇಕು ಅಂತ ತೀರ್ಮಾನಿಸಿದೆ. ಯಾವ ವೆಬ್‌ಸೈಟಿಗೂ ನಂಬರ್ ಕೊಡಲಿಲ್ಲ. ಬ್ಯಾಂಕಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ಒಂದು ವರ್ಷದಲ್ಲಿ ದೂರದ ಊರಿಗೆ ಹೋದವರನ್ನು ಹುಡುಕಿ ಫೋನ್ ಮಾಡಿದೆ. ಅವರಿಗೆ ಕೇಳಿದ್ದು ಒಂದೇ: ಏನಾದರೂ ಒಡೆದಾಗ ಅವರು ಹೇಗೆ ನಡೆದುಕೊಂಡರು? ಚೆನ್ನಾಗಿ ಮಾಡಿದರಾ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಒಡೆದಾಗಿನ ಕಥೆ ಕೇಳಿದರೆ ನಿಜ ಹೊರಗೆ ಬರುತ್ತದೆ. ಹಾಗೆ ಐದು ಹೆಸರು ಸಿಕ್ಕವು.

ಐವರ ಜಿಎಸ್‌ಟಿ ನಂಬರ್ ಕೇಳಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಕೂಡ ಬೇಡ, ಹದಿನೈದು ಅಕ್ಷರದ ಆ ನಂಬರ್ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ದಿನ ಆಗಿದೆ, ಈಗ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ, ಎಲ್ಲ ಬರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. "25 ವರ್ಷದ ಅನುಭವ" ಅಂತ ಕಾರ್ಡಿನಲ್ಲಿ ಹಾಕಿಕೊಂಡಿದ್ದ ಒಬ್ಬರ ನೋಂದಣಿಗೆ ನಾಲ್ಕು ತಿಂಗಳಾಗಿತ್ತು. ಇನ್ನೊಬ್ಬರದ್ದು ರದ್ದಾಗಿತ್ತು. ಹತ್ತು ನಿಮಿಷದ ಕೆಲಸ ಇದು. ಐದು ಹೋಗಿ ಮೂರು ಉಳಿಯಿತು.

ಮೂವರಿಗೂ ಮನೆಗೆ ಬಂದು ನೋಡಿ ಅಂದೆ. ಒಬ್ಬರು ವಿಡಿಯೋ ಕಾಲ್ ಸಾಕು ಅಂದರು, ಒತ್ತಾಯ ಮಾಡಿದ ಮೇಲೆ ಬಂದರು. ಬಾಗಿಲಲ್ಲೇ ನಿಂತು ಹಾಲ್ ನೋಡಿ ಐದು ನಿಮಿಷದಲ್ಲಿ 41,000 ಅಂದರು. ಎರಡನೆಯವರು 56,000 ಹೇಳಿ, ಅದರ ಮೇಲೆ ಇ-ವೇ ಬಿಲ್ (ಸರಕು ಸಾಗಿಸುವಾಗ ಗಾಡಿಯ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ) ಮಾಡಿಸಲು 1,500 ಬೇರೆ ಅಂದರು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಜಿಎಸ್‌ಟಿ ನಿಯಮದಲ್ಲೇ ವಿನಾಯಿತಿ ಇದೆ. ನಾನು ಹಾಗೆ ಹೇಳಿದಾಗ "ದಾರಿಯಲ್ಲಿ ಹಿಡಿದರೆ ನಮ್ಮನ್ನು ಕೇಳಬೇಡಿ" ಅಂದರು. ಹೆದರಿಸಿ ಹಣ ಕೇಳುವವರ ಕೈಗೆ ಮನೆಯ ಬೀಗ ಹೇಗೆ ಕೊಡುವುದು? ಅಲ್ಲಿಗೆ ಅವರನ್ನು ಬಿಟ್ಟೆ.

ಮೂರನೆಯವರು ಐವತ್ತರ ಆಸುಪಾಸಿನ ಒಬ್ಬ ಮರಾಠಿ ಮನುಷ್ಯ. ಮುಕ್ಕಾಲು ಗಂಟೆ ಇದ್ದರು. ಅಟ್ಟದ ಬಾಗಿಲು ತೆಗೆಸಿದರು. ಮಂಚದ ಪೆಟ್ಟಿಗೆ ಎತ್ತಿ ಒಳಗೆ ನೋಡಿದರು. ಲಿಫ್ಟಿನ ಅಗಲ ಟೇಪಿನಲ್ಲಿ ಅಳೆದು ಬೀರು ಅದರಲ್ಲಿ ಹೋಗಲ್ಲ, ಮೆಟ್ಟಿಲಲ್ಲೇ ಇಳಿಸಬೇಕು ಅಂತ ಬರೆದುಕೊಂಡರು. ವಾಷಿಂಗ್ ಮಷಿನ್ ಹಿಂದೆ ಬಗ್ಗಿ, ಹೊಸದಾಗಿ ಬಂದಾಗ ಡ್ರಮ್ ಅಲುಗದ ಹಾಗೆ ಹಾಕಿರುತ್ತಾರಲ್ಲ, ಆ ಬೋಲ್ಟುಗಳು ಇವೆಯಾ ಅಂತ ಕೇಳಿದರು. ಮೈಸೂರಿನ ಮನೆಯ ಬೀದಿ ಎಷ್ಟು ಅಗಲ, ಮರದ ಕೊಂಬೆ, ಕರೆಂಟ್ ತಂತಿ ಕೆಳಗಿದೆಯಾ ಅಂತ ಕೇಳಿದರು. ಕೊನೆಗೆ ದೇವರ ಮನೆ ಮುಂದೆ ಚಪ್ಪಲಿ ಬಿಟ್ಟು ನಿಂತು, "ದೀಪಗಳ ಎಣ್ಣೆ ಹಿಂದಿನ ದಿನವೇ ತೆಗೆದು ಒರೆಸಿಡಿ ತಾಯಿ, ಇಲ್ಲದಿದ್ದರೆ ಬಟ್ಟೆಗೆ ಇಳಿಯುತ್ತದೆ" ಅಂತ ಅಮ್ಮನಿಗೆ ಹಿಂದಿಯಲ್ಲಿ ಹೇಳಿದರು. ಅಮ್ಮ ಆಗಲೇ ಅವರನ್ನು ಒಪ್ಪಿಬಿಟ್ಟರು.

ನಾನು ಇನ್ನೂ ಒಪ್ಪಿರಲಿಲ್ಲ. ಭಾನುವಾರ ಬೆಳಿಗ್ಗೆ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಗೆ ಹೋದೆ. ಅವರ ಗೋದಾಮು ಅಲ್ಲಿದೆ ಅಂದಿದ್ದರು, ಹೇಳದೆ ಹೋಗಿ ನೋಡಿದೆ. ಇತ್ತು. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಮರದ ಹಲಗೆ ಹಾಕಿ ಅದರ ಮೇಲೆ ಯಾರದೋ ಮನೆಯ ಸಾಮಾನು ಇಟ್ಟಿದ್ದರು. ಪ್ರತಿ ಡಬ್ಬದ ಮೇಲೂ ದಪ್ಪ ಮಾರ್ಕರ್‌ನಲ್ಲಿ ನಂಬರ್ ಇತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ನನ್ನ ಹಾಗೆ ಬ್ಯಾಂಕಿನಲ್ಲೋ ಸರ್ಕಾರಿ ಸಂಸ್ಥೆಯಲ್ಲೋ ಇರುವವರಿಗೆ ಒಂದು ಮಾತು. "ನಾವು ಐಬಿಎ ಅಪ್ರೂವ್ಡ್" ಅಂತ ಬಹಳ ಜನ ಬೋರ್ಡ್ ಹಾಕಿಕೊಂಡಿರುತ್ತಾರೆ. ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ತಾನು ಶಿಫಾರಸು ಮಾಡುವ ಸಾಗಣೆದಾರರ ಪಟ್ಟಿ ಇಟ್ಟಿದೆ. ಹೆಸರು ಆ ಪಟ್ಟಿಯಲ್ಲಿ ಇದೆಯಾ ನೋಡಿ, ಬೋರ್ಡ್ ನೋಡಬೇಡಿ. ಸಂಸ್ಥೆಯಿಂದ ಸಾಗಣೆ ಖರ್ಚು ವಾಪಸ್ ಪಡೆಯಲು "ಬಿಲ್ ಎಷ್ಟಕ್ಕೆ ಬೇಕಾದರೂ ಮಾಡಿಕೊಡ್ತೀವಿ" ಅನ್ನುವವರೂ ಸಿಗುತ್ತಾರೆ. ಅಂಥವರ ಹತ್ತಿರ ಹೋಗಲೇಬೇಡಿ. ನೌಕರಿ ನಮ್ಮದು ಹೋಗುವುದು, ಅವರದ್ದಲ್ಲ.

48,500ಕ್ಕೆ ಮಾತಾಯಿತು, ಜಿಎಸ್‌ಟಿ ಸೇರಿ. ಆ "ಸೇರಿ" ಅನ್ನುವ ಪದವನ್ನು ಕೊಟೇಶನ್‌ನಲ್ಲಿ ಬರೆಸಿದೆ. ಬಾಯಲ್ಲಿ ಕಡಿಮೆ ಹೇಳಿ ಆಮೇಲೆ ಶೇಕಡ 18 ಮೇಲೆ ಹಾಕುವುದು ತುಂಬಾ ನಡೆಯುತ್ತದೆ. ಬೀರು ಮೆಟ್ಟಿಲಲ್ಲಿ ಇಳಿಸುವ ಕೂಲಿ, ಮೈಸೂರಿನಲ್ಲಿ ಮಂಚ ಮತ್ತೆ ಜೋಡಿಸುವುದು, ಟೋಲ್, ಖಾಲಿ ಡಬ್ಬ ವಾಪಸ್ ಒಯ್ಯುವುದು, ಎಲ್ಲ ಬರೆಸಿದೆ. ಎಸಿ ಬಿಚ್ಚುವುದು ಅವರದ್ದಲ್ಲ ಅಂದರು, ಅದೂ ಬರೆದರು. ಗಾಡಿ 14 ಅಡಿಯ ಮುಚ್ಚಿದ ಕಂಟೇನರ್, ದಾರಿಯಲ್ಲಿ ಬದಲಾಗುವುದಿಲ್ಲ, ಬೇರೆಯವರ ಸಾಮಾನು ಹಾಕುವುದಿಲ್ಲ. ಇನ್ನೊಬ್ಬರ ಸಾಮಾನಿನ ಜೊತೆ ಹಂಚಿಕೊಂಡು ಹೋದರೆ ದುಡ್ಡು ಕಡಿಮೆಯಾಗುತ್ತದೆ ನಿಜ. ಸಾಮಾನು ಕಡಿಮೆ ಇದ್ದು, ಹತ್ತು ದಿನ ಕಾಯುವ ಶಕ್ತಿ ಇದ್ದರೆ ಅದು ತಪ್ಪೇನಲ್ಲ. ಗಾಡಿ ಎಲ್ಲಿ, ಎಷ್ಟು ಸಲ ಬದಲಾಗುತ್ತದೆ ಅಂತ ಮಾತ್ರ ಕೇಳಿಟ್ಟುಕೊಳ್ಳಿ. ಸಾಮಾನು ಒಡೆಯುವುದು, ಕಳೆಯುವುದು ಹೆಚ್ಚಾಗಿ ಇಳಿಸಿ ಹತ್ತಿಸುವ ಕಡೆಯೇ.

ಹಣ ಹತ್ತು ಭಾಗದಲ್ಲಿ ಒಂದು ಭಾಗ ಬುಕಿಂಗ್‌ಗೆ, ಐದು ಭಾಗ ಲೋಡ್ ಆದ ಮೇಲೆ, ಉಳಿದ ನಾಲ್ಕು ಮೈಸೂರಿನಲ್ಲಿ ಇಳಿಸಿದ ಮೇಲೆ. ಎಲ್ಲವೂ ಕಂಪನಿ ಹೆಸರಿನ ಕರೆಂಟ್ ಅಕೌಂಟಿಗೆ.

ವಿಮೆಗೆ ಈ ಸಲ ಪಾಲಿಸಿ ಪ್ರತಿ ಕೇಳಿದೆ. ವಿಮಾ ಕಂಪನಿಯಿಂದಲೇ ಇ-ಮೇಲ್ ಬಂತು, ಗಾಡಿ ನಂಬರ್, ಎಲ್‌ಆರ್ ನಂಬರ್, ವಿಮೆ ಮೊತ್ತ ಹಾಕಿ. ಸಾಮಾನನ್ನು ಒಟ್ಟಾಗಿ ಮೂರು ಲಕ್ಷ ಅಂತ ಬರೆಯದೆ ಟಿವಿ ಇಷ್ಟು, ಫ್ರಿಜ್ ಇಷ್ಟು, ಶೋಕೇಸ್ ಇಷ್ಟು ಅಂತ ಒಂದೊಂದಕ್ಕೂ ಬೆಲೆ ಹಾಕಿದ ಪಟ್ಟಿ ಕೊಟ್ಟೆ. ಗೊಂಬೆಗಳಿಗೆ ಏನು ಬೆಲೆ ಹಾಕಲಿ ಅಂತ ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದೆ. ಕೊನೆಗೆ ಐದು ಸಾವಿರ ಅಂತ ಬರೆದೆ.

ಪ್ಯಾಕಿಂಗ್‌ಗೆ ಐದು ಜನ ಬಂದರು. ಅವರ ಮೇಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ನಾವು ಕನ್ನಡ ಮಾತಾಡುವುದು ಕೇಳಿ ಅವರ ಮುಖ ಅರಳಿತು. ಅಮ್ಮ ಮಾಡಿದ ಉಪ್ಪಿಟ್ಟು ತಿಂದೇ ಕೆಲಸ ಶುರು ಮಾಡಿದರು. ಅವರ ಪಟ್ಟಿಯಲ್ಲಿ ಎಲ್ಲ ಸಾಮಾನಿನ ಮುಂದೆಯೂ "ಗೀರು ಇದೆ, ಹಳೆಯದು" ಅಂತ ಗುರುತು ಹಾಕುವ ಅಭ್ಯಾಸ ಇರುತ್ತದೆ, ಆಮೇಲೆ ಕೇಳಿದರೆ ಮೊದಲೇ ಇತ್ತು ಅನ್ನಲು. ನಾನು ಒಂದೊಂದರ ಫೋಟೋ ತೆಗೆದು, ಗೀರಿಲ್ಲದ ಕಡೆ "ಇಲ್ಲ" ಅಂತ ತಿದ್ದಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಗೊಂಬೆ ಪೆಟ್ಟಿಗೆಗೆ 14ನೇ ನಂಬರ್ ಬಂತು. ಅಮ್ಮ ಹಳೇ ಪಂಚೆ ಹರಿದು ಒಂದೊಂದು ಗೊಂಬೆಗೂ ಸುತ್ತಿ ಕೊಡುತ್ತಿದ್ದರು. ಮೇಸ್ತ್ರಿ ಅದರ ಮೇಲೆ ಬಬಲ್ ಶೀಟ್ ಸುತ್ತಿ, ಡಬ್ಬದ ತಳಕ್ಕೆ ಕಾಗದದ ಉಂಡೆ ತುಂಬಿ, ನಿಲ್ಲಿಸಿ ಜೋಡಿಸುತ್ತಿದ್ದರು.

"ಇವು ಎಲ್ಲಿ ಗೊಂಬಿರಿ ಅವ್ವಾರ?"

"ನಮ್ಮಮ್ಮ ಕೊಟ್ಟಿದ್ದಪ್ಪ. ಹೋದ ಸಲ ಅರ್ಧ ಕಳೆದುಹೋಯ್ತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರ ಇದನ್ನ ಕಡೀಕ ಏರಸೂಣ್ರಿ, ಮೊದ್ಲ ಇಳಸೂಣು. ಮ್ಯಾಲ ಏನೂ ಇಡಾಂಗಿಲ್ಲ" ಅಂದರು. ಡಬ್ಬದ ನಾಲ್ಕೂ ಕಡೆ 14 ಅಂತ ದೊಡ್ಡದಾಗಿ ಬರೆದರು.

ಡಬ್ಬ, ಬಿಡಿ ಸಾಮಾನು ಎಲ್ಲ ಎಣಿಸಿ ಒಟ್ಟು 46 ನಗ. ಎಲ್‌ಆರ್‌ನಲ್ಲಿ "46 ನಗ, ಪಟ್ಟಿ ಲಗತ್ತಿಸಿದೆ" ಅಂತ ಬರೆಸಿ ನಾನೂ ಸಹಿ ಹಾಕಿದೆ, ಅವರೂ ಹಾಕಿದರು. ಕಂಟೇನರ್ ಬಾಗಿಲಿಗೆ ನನ್ನದೇ ಬೀಗ ಹಾಕಿ ಕೀಲಿ ನನ್ನ ಪರ್ಸಿಗೆ ಹಾಕಿಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಒಡವೆ, ಆಸ್ತಿ ಪತ್ರ, ಮಗಳ ಮಾರ್ಕ್ಸ್ ಕಾರ್ಡ್ ನಮ್ಮ ಜೊತೆಯೇ ಬಂದವು. ಗ್ಯಾಸ್ ಸಿಲಿಂಡರನ್ನು ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತೆಗೆದುಕೊಂಡಿದ್ದೆ, ಅದನ್ನು ಲಾರಿಯಲ್ಲಿ ಹಾಕಬಾರದು. ಸ್ಕೂಟರಿನ ಪೆಟ್ರೋಲ್ ಖಾಲಿ ಮಾಡಿಸಿದ್ದೆ.

ಡ್ರೈವರ್ ನಿಪ್ಪಾಣಿಯ ಹತ್ತಿರ ಕೊಗನೊಳ್ಳಿ ಟೋಲ್ ದಾಟಿದಾಗ ಒಂದು ಸಲ, ಚಿತ್ರದುರ್ಗದಲ್ಲಿ ಊಟಕ್ಕೆ ನಿಂತಾಗ ಒಂದು ಸಲ ಫೋನ್ ಮಾಡಿದರು. ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಕುವೆಂಪುನಗರದ ನಮ್ಮ ಬೀದಿಗೆ ಗಾಡಿ ಬಂತು. ಅಮ್ಮ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಕನ್ನಡಕ ಹಾಕಿ, ಪಟ್ಟಿ ಹಿಡಿದು ಕೂತರು. ಹುಡುಗರು ನಂಬರ್ ಕೂಗುತ್ತಿದ್ದರು, ಅಮ್ಮ ಗುರುತು ಹಾಕುತ್ತಿದ್ದರು. ಮೊದಲ ಕೂಗು "ಹದಿನಾಲ್ಕು".

ಎಲ್ಲವೂ ಸರಿಯಾಗಿ ಬಂತು ಅಂತ ಹೇಳಲಾರೆ. ಶೋಕೇಸಿನ ಒಂದು ಗಾಜು ಒಡೆದಿತ್ತು. ಡೆಲಿವರಿ ಪ್ರತಿಗೆ ಸಹಿ ಹಾಕುವ ಮೊದಲು ಅದರ ಮೇಲೆಯೇ "ನಗ 31, ಗಾಜು ಒಡೆದಿದೆ" ಅಂತ ಬರೆದೆ, ಡ್ರೈವರ್ ಎದುರೇ ಫೋಟೋ ತೆಗೆದೆ. ಕಂಪನಿಯವರೇ ವಿಮೆಗೆ ಕಾಗದ ಕಳಿಸಿದರು. ಮೂರು ವಾರಕ್ಕೆ ಗಾಜಿನ ದುಡ್ಡು ಬಂತು. ಖಾಲಿ ಸಹಿ ಹಾಕಿ ಕಳಿಸಿ ಆಮೇಲೆ ಫೋನ್ ಮಾಡಿದ್ದರೆ ಬರುತ್ತಿರಲಿಲ್ಲ.

ತಂಗಿ ಕೊನೆಗೆ ಕೇಳಿದ್ದು, "ಇಷ್ಟೆಲ್ಲ ಮಾಡಿದ ಮೇಲೂ ಮೋಸ ಆದ್ರೆ?" ಅಂತ. ಗಾಡಿ ನಿಲ್ಲಿಸಿಕೊಂಡು ಹಣ ಕೇಳಿದರೆ ಕೊಟೇಶನ್ ಕೈಯಲ್ಲಿ ಹಿಡಿದು ಪೊಲೀಸರಿಗೆ ಫೋನ್ ಮಾಡು, 112. ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀನು ಇರುವ ಊರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಮತ್ತೆ ಆ 180 ದಿನ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು ಅಂದೆ. ಅಹಮದಾಬಾದಿಗೆ ಹೋದ ಮೇಲೆ ಮೊದಲ ವಾರದಲ್ಲೇ ಎಲ್ಲ ಡಬ್ಬ ಬಿಚ್ಚಿ ನೋಡು, ಹಬ್ಬಕ್ಕೆ ಅಂತ ಕಾಯಬೇಡ.

ಅವಳ ಹತ್ತಿರವೂ ಗೊಂಬೆಗಳಿವೆ. ಚಿಕ್ಕಮ್ಮ ಕೊಟ್ಟಿದ್ದು.

ನಮ್ಮ ಮನೆಯಲ್ಲಿ 2024ರ ದಸರಾಕ್ಕೆ ಅಮ್ಮ ಮತ್ತೆ ಏಳು ಮೆಟ್ಟಿಲು ಹಾಕಿದರು. ಕಳೆದುಹೋದ ಹನ್ನೆರಡರಲ್ಲಿ ಕೆಲವಕ್ಕೆ ಬದಲಿ ತಂದೆವು. ಶೆಟ್ಟಮ್ಮನಿಗೆ ಮಾತ್ರ ಬೇಡ ಅಂದರು. ಅಂಗಡಿಯಲ್ಲಿ ಶೆಟ್ಟಿಯ ಪಕ್ಕ ಅವಳು ಕೂರುವಷ್ಟು ಜಾಗ ಬಿಟ್ಟು, ಅಲ್ಲಿಗೂ ಒಂದು ಪುಟ್ಟ ಬಟ್ಟಲಲ್ಲಿ ಬೆಲ್ಲ ಇಟ್ಟರು.